ನಾಲ್ಕು ದಿನ ನನ್ನ ಬಳಿ ಇದ್ದ ಸುದ್ದಿ

ಕಳೆದ ವಾರ ಕ್ವೀನ್ಸ್‌ಬರಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಚೀಲದಲ್ಲಿ ಮೆಂತ್ಯ ಪಲ್ಯ, ಎರಡು ಕಟ್ಟು ಕೊತ್ತಂಬರಿ. ಎದುರಿನ ಮನೆಯ ಬೇಲಿಯನ್ನು ಒಬ್ಬಾತ ಮಷೀನು ಹಿಡಿದು ಕತ್ತರಿಸುತ್ತಿದ್ದ. ಲಾರೆಲ್ ಗಿಡದ ಬೇಲಿ. ಇಂಗ್ಲಿಷರ ಈ ಊರಲ್ಲಿ ಪ್ರತಿ ಬೀದಿಯಲ್ಲೂ ನಾಲ್ಕು ಮನೆಗಾದರೂ ಇರುತ್ತದೆ. ಅದರ ಎಲೆ ಕತ್ತರಿಸಿದರೆ ಕಹಿ ಬಾದಾಮಿಯ ವಾಸನೆ ಏಳುತ್ತದೆ. ಅದು ಮೂಗಿಗೆ ಬಡಿದದ್ದೇ ತಡ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬಂದ ಬಸ್ಸನ್ನೂ ಬಿಟ್ಟು ನಡೆದೇ ಮನೆಗೆ ಬಂದೆ. "ಯಾಕ, ಮಾರಿ ಹಿಂಗ್ಯಾಕ ಆಗೇದ?" ಅಂದರು ನಮ್ಮ ಯಜಮಾನರು. ತಲೆನೋವು ಅಂದೆ. ನಾಲ್ಕು ವರ್ಷದಿಂದ ಈಚೆಗೆ ಸುಳ್ಳು ಹೇಳುವುದರಲ್ಲಿ ನಾನು ಬಹಳ ಜಿಪುಣಿ, ಆದರೂ ಆ ಹೊತ್ತಿಗೆ ಬೇರೆ ಮಾತು ಬಾಯಿಗೆ ಬರಲಿಲ್ಲ.

ನಾಲ್ಕು ವರ್ಷದ ಹಿಂದಿನ ಚಳಿಗಾಲದ ಬಾಗಿಲು ಆ ವಾಸನೆ. ಅಕ್ಟೋಬರಿನಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ನಮ್ಮ ಧಾರವಾಡದ ಜಡಿಮಳೆಗೆ ಒಂದು ಗತ್ತು ಇರುತ್ತದೆ, ಬಂದೆ ಅಂತ ಹೇಳಿ ಬರುತ್ತದೆ. ಈ ಊರಿನದು ಹಾಗಲ್ಲ. ಸುಮ್ಮನೆ, ಯಾರಿಗೂ ಗೊತ್ತಾಗದ ಹಾಗೆ ಕೋಟಿನೊಳಗೆ ಇಳಿಯುತ್ತದೆ. ಚಳಿಗಾಲಕ್ಕೆ ಅಂತ ಇಲ್ಲಿ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸಿದ ಮೇಲಂತೂ ನಾಲ್ಕೂವರೆಗೆ ಕತ್ತಲು. ನಾನು ಕೇರರ್. ಮುದುಕರ ಮನೆಗೆ ಹೋಗಿ ಸ್ನಾನ ಮಾಡಿಸುವುದು, ಗುಳಿಗೆ ಕೊಡುವುದು, ಊಟ ಬಿಸಿ ಮಾಡಿಕೊಡುವುದು ನನ್ನ ಕೆಲಸ. ದಿನಕ್ಕೆ ಐದು ಮನೆ. ಐದರಲ್ಲಿ ಮೊದಲನೆಯದು ಪಿನ್ನರಿನ ಚಿಯೋ-ಸಾನ್ ಅವರ ಮನೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ.

ಚಿಯೋ-ಸಾನ್‌ಗೆ ಎಂಬತ್ತಮೂರು. ಸಾನ್ ಅನ್ನುವುದು ಅವರಲ್ಲಿ ಹೆಸರಿಗೆ ಹಚ್ಚುವ ಗೌರವದ ಮಾತು. ಜಪಾನಿನ ಕಡಲ ದಂಡೆಯ ಯಾವುದೋ ಸಣ್ಣ ಊರಿನವರು. ಇಂಗ್ಲಿಷ್ ಗಂಡನನ್ನು ಮದುವೆಯಾಗಿ ಬಂದು ಐವತ್ತು ವರ್ಷದ ಮೇಲಾಗಿತ್ತು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಇದ್ದ ಒಂದೇ ಒಂದು ರಕ್ತಸಂಬಂಧ ಅಂದರೆ ಊರಲ್ಲಿದ್ದ ಅಕ್ಕ ಹಾರುಕೊ, ಮತ್ತು ಆಕೆಯ ಮಗ ಕೆಂಜಿ. ಕಿವಿ ಮಂದವಾಗಿದ್ದರಿಂದ ಚಿಯೋ-ಸಾನ್‌ಗೆ ಫೋನು ಆಗುತ್ತಿರಲಿಲ್ಲ. ಕೆಂಜಿ ನನ್ನ ನಂಬರಿಗೆ ಮಾಡುತ್ತಿದ್ದ, ನಾನು ಅವರ ಕಿವಿಯ ಹತ್ತಿರ ಬಾಯಿಟ್ಟು ಹೇಳುತ್ತಿದ್ದೆ. ಮಾತೆಲ್ಲ ಇಂಗ್ಲಿಷಿನಲ್ಲೇ. ಮೂವರದೂ ಮೂರು ತರದ ಇಂಗ್ಲಿಷು.

ಅವರ ಕೋಣೆಯಲ್ಲಿ ಆಳೆತ್ತರಕ್ಕಿಂತ ಮೇಲೆ ಒಂದು ಹಲಗೆ, ಅದರ ಮೇಲೆ ಕಟ್ಟಿಗೆಯ ಪುಟ್ಟ ಗುಡಿ. ದಿನಾ ಬೆಳಿಗ್ಗೆ ಅದರ ಮುಂದೆ ಅಕ್ಕಿ, ಉಪ್ಪು, ನೀರು ಇಡಬೇಕು. ಎರಡು ಪಕ್ಕದಲ್ಲಿ ಹಸಿರು ಟೊಂಗೆ. ಅವರ ಊರಲ್ಲಿ ಅದಕ್ಕೇ ಒಂದು ಮರ ಇದೆಯಂತೆ, ಇಲ್ಲಿ ಅದೆಲ್ಲಿ ಸಿಗಬೇಕು, ಹಿತ್ತಲ ಬೇಲಿಯ ಲಾರೆಲ್ಲನ್ನೇ ಮುರಿದು ಇಡುತ್ತಿದ್ದರು. "ದೇವರು ಹೊಂದಿಕೊಂಡಿದ್ದಾರೆ, ನನ್ನ ಹಾಗೆ" ಅನ್ನುತ್ತಿದ್ದರು. ಅವರಿಗೆ ಕೈ ಎಟುಕದಾದಾಗ ಸ್ಟೂಲು ಹತ್ತಿ ಇಡುವ ಕೆಲಸ ನನ್ನದಾಯಿತು. ನನ್ನನ್ನು ಕಳಿಸುವ ಏಜೆನ್ಸಿಯ ಕೇರ್ ಪ್ಲಾನಿನಲ್ಲಿ ಇದೆಲ್ಲ ಬರೆದಿರಲಿಲ್ಲ. ನಾನೇನು ಕೇಳಿಕೊಂಡು ಮಾಡುವವಳಲ್ಲ. ಸ್ನಾನ ಮುಗಿಸಿಯೇ ಮನೆ ಬಿಡುವವಳು, ಹೊಸ ನೀರು ಇಡಲಿಕ್ಕೆ ನನಗೆ ಅಡ್ಡಿಯೇನು? ನನ್ನ ಈ ಮಡಿಯ ಮಾತು ಕೇಳಿ ಅವರಿಗೆ ಖುಷಿಯೋ ಖುಷಿ. ಬೇರೆ ಕೇರರುಗಳು ಆ ಹಲಗೆಯನ್ನು ಧೂಳು ಒರೆಸುವ ಜಾಗ ಅಂದುಕೊಂಡಿದ್ದರಂತೆ.

ಒಂದು ದಿನ ಹೇಳಿದರು, ಗಂಡ ಹೋದಾಗ ಆ ಗುಡಿಯ ಮುಂದೆ ಬಿಳಿ ಕಾಗದ ಅಂಟಿಸಿ ಐವತ್ತು ದಿನ ಮುಚ್ಚಿಟ್ಟಿದ್ದರು ಅಂತ. ಮನೆಯಲ್ಲಿ ಇಲ್ಲವೇ ಒಡಹುಟ್ಟಿದವರಲ್ಲಿ ಸಾವಾದರೆ ಐವತ್ತು ದಿನ ದೇವರಿಗೆ ಏನೂ ಇಡುವಂತಿಲ್ಲ, ಹೊರಗಿನ ಗುಡಿಯ ದ್ವಾರ ದಾಟುವಂತಿಲ್ಲ. "ಅಯ್ಯ, ಇದು ನಮ್ಮ ಸೂತಕನೇ" ಅಂತ ನಾನು ಕೈ ಬಾಯಿ ತಿರುಗಿಸಿ ವಿವರಿಸಿದೆ. ನಮ್ಮಲ್ಲಿ ಸುದ್ದಿ ಕಿವಿಗೆ ಬಿದ್ದ ಮೇಲೆ ಸೂತಕ, ಬೀಳುವ ತನಕ ಇಲ್ಲ, ಅಂತಲೂ ಹೇಳಿದೆ. ನನ್ನ ಮದುವೆಯ ಬೆಳಿಗ್ಗೆ ಗದಗಿನಲ್ಲಿ ಅಜ್ಜ ತೀರಿಕೊಂಡಿದ್ದರು. ಫೋನು ತೆಗೆದುಕೊಂಡ ಕಾಕಾ ಬಾಯಿ ಮುಚ್ಚಿಕೊಂಡು ಓಡಾಡಿದ್ದ. ಅಕ್ಷತೆ ಬಿದ್ದು, ಊಟವಾಗಿ, ಗಂಡಿನ ಕಡೆಯವರು ಎದ್ದು ಹೋದ ಮೇಲೆ ಹೇಳಿದ್ದ. ಆತನನ್ನು ಇವತ್ತಿಗೂ ಎಲ್ಲರೂ ಹೊಗಳುತ್ತಾರೆ. ಇದನ್ನೂ ಹೇಳಿದೆ. ಚಿಯೋ-ಸಾನ್ ಕಿಟಕಿ ನೋಡುತ್ತ ಕೇಳಿಸಿಕೊಂಡರು, ಏನೂ ಅನ್ನಲಿಲ್ಲ. ಒಪ್ಪಿಕೊಂಡರು ಅಂತ ನಾನು ತಿಳಿದೆ.

ಇನ್ನು ಹೊರಗಿನ ದೊಡ್ಡ ಗುಡಿಯ ಮಾತು. ದೊಡ್ಡದೆಂದರೆ ನಮ್ಮೂರ ಓಣಿಯ ಹನುಮಪ್ಪನ ಗುಡಿಯಷ್ಟು. ಪಿನ್ನರಿನಿಂದ ಇಪ್ಪತ್ತು ನಿಮಿಷದ ಹಾದಿಯಲ್ಲಿ ಒಂದು ಹಳೆಯ ಬಂಗಲೆಯ ತೋಟದಲ್ಲಿ ಇತ್ತು. ನೂರು ವರ್ಷಕ್ಕೂ ಹಿಂದೆ ಯಾರೋ ಸಿರಿವಂತ ಜಪಾನಿನಿಂದ ಹಳೆಯ ಗುಡಿಯೊಂದನ್ನು ಬಿಚ್ಚಿಸಿ, ಹಡಗಿನಲ್ಲಿ ತರಿಸಿ, ಶೋಕಿಗೆ ತೋಟದಲ್ಲಿ ನಿಲ್ಲಿಸಿದ್ದನಂತೆ. ಬಹಳ ಕಾಲ ಅದರಲ್ಲಿ ದೇವರೇ ಇರಲಿಲ್ಲ, ಕುರ್ಚಿ ಮೇಜು ಇದ್ದವು. ಚಿಯೋ-ಸಾನ್ ವಯಸ್ಸಿನಲ್ಲಿದ್ದಾಗ ಇಲ್ಲಿನ ನಾಲ್ಕಾರು ಜಪಾನಿ ಕುಟುಂಬಗಳು ಮಾಲೀಕರನ್ನು ಕೇಳಿಕೊಂಡು ಅದನ್ನು ತೊಳೆದು, ಊರಿಂದ ಅರ್ಚಕರನ್ನು ಕರೆಸಿ, ದೇವರನ್ನು ಕೂರಿಸಿದ್ದರು. ಅಲ್ಲಿಂದ ವರ್ಷಕ್ಕೊಂದು ಸಲ, ನವೆಂಬರಿನ ಒಂದು ಭಾನುವಾರ, ಪೂಜೆ. ಒಂದು ವರ್ಷವೂ ಚಿಯೋ-ಸಾನ್ ತಪ್ಪಿಸಿರಲಿಲ್ಲ. ಆ ಸಲ ಬಂಗಲೆ ಮಾರಾಟವಾಗಿತ್ತು. ವಸಂತದಲ್ಲಿ ಗುಡಿಯನ್ನು ಬಿಚ್ಚಿ ಜಪಾನಿಗೇ ವಾಪಸು ಕಳಿಸುವುದು ಅಂತ ತೀರ್ಮಾನ. ಚಿಯೋ-ಸಾನ್ ಕೂಡ ಕ್ರಿಸ್ಮಸ್ಸಿನೊಳಗೆ ಮನೆ ಬಿಟ್ಟು ಕೇರ್ ಹೋಮಿಗೆ, ಮುದುಕರನ್ನು ನೋಡಿಕೊಳ್ಳುವ ಮನೆಗೆ, ಹೋಗುವವರಿದ್ದರು. ಆದ್ದರಿಂದ ಅದು ಕಡೆಯ ಪೂಜೆ, ಕಡೆಯ ಭೇಟಿ. ತಿಂಗಳು ಮೊದಲೇ ಬೂದು ಬಣ್ಣದ ಕಿಮೋನೊ ತೆಗೆಸಿ ಗಾಳಿಗೆ ಹಾಕಿಸಿದ್ದರು. ನಾನು ಆ ಭಾನುವಾರ ರಜೆ ಹಾಕಿ, ಸಂಬಳವಿಲ್ಲದೆ, ಅವರನ್ನು ಕರೆದೊಯ್ಯುವುದು ಅಂತ ಮಾತಾಗಿತ್ತು.

ಗುರುವಾರ ಬೆಳಿಗ್ಗೆ ಅವರ ಗೇಟಿನಲ್ಲಿ ಛತ್ರಿ ಮಡಚುತ್ತಿರುವಾಗ ಫೋನು ಬಂತು. ಕೆಂಜಿ. ಹಿಂದಿನ ರಾತ್ರಿ ಅವನ ತಾಯಿ ಹೋಗಿಬಿಟ್ಟಿದ್ದರು. "ನೀವು ಹತ್ತಿರ ಕೂತು ಹೇಳಿ. ನೀವು ಹೇಳಿದರೆ ಚಿಕ್ಕಮ್ಮ ತಡೆದುಕೊಳ್ಳುತ್ತಾರೆ" ಅಂದ. ಪಾಪ, ಅಳುತ್ತಲೇ ನನಗೆ ಥ್ಯಾಂಕ್ಸ್ ಹೇಳಿದ. ಹೇಳುತ್ತೇನೆ ಅಂದೆ. ಒಳಗೆ ಹೋದೆ.

ಚಿಯೋ-ಸಾನ್ ಕಿಟಕಿಯ ಹತ್ತಿರ ಕೂತು, ಹಳೆಯ ರಕ್ಷೆಗಳನ್ನು ಜೋಡಿಸುತ್ತಿದ್ದರು. ಗುಡಿಯಿಂದ ತಂದ ಬಟ್ಟೆಯ ಪುಟ್ಟ ಚೀಲಗಳು. ವರ್ಷವಾದ ಮೇಲೆ ಅವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಗುಡಿಗೇ ಮರಳಿಸಬೇಕು, ಅಲ್ಲಿ ಸುಡುತ್ತಾರೆ. "ಭಾನುವಾರ ಮಳೆ ಇರುವುದಿಲ್ಲವಂತೆ, ಪೇಪರಿನಲ್ಲಿ ಬರೆದಿದ್ದಾರೆ" ಅಂದರು. ಮುಖ ನೋಡಿದೆ. ಆ ವರ್ಷದಲ್ಲಿ ಆ ಮುಖದ ಮೇಲೆ ಅಷ್ಟು ಬೆಳಕನ್ನು ನಾನು ಕಂಡಿರಲಿಲ್ಲ. ಹೌದೇನು ಅಂದೆ, ಸ್ಟೂಲು ಎಳೆದುಕೊಂಡೆ, ಹೊಸ ನೀರು ಇಟ್ಟೆ. ಅಕ್ಕಿ ಒಂದಿಷ್ಟು ಚೆಲ್ಲಿತು.

ಹೇಳಿದರೆ ಐವತ್ತು ದಿನ. ಐವತ್ತು ದಿನದ ಮೇಲೆ ಪೂಜೆ ಇಲ್ಲ, ಈ ಮನೆಯೂ ಇಲ್ಲ, ವಸಂತಕ್ಕೆ ಗುಡಿಯೂ ಇಲ್ಲ. ಹೇಳದಿದ್ದರೆ ಮೂರೇ ದಿನದ ಮಾತು. ಹೋದವರು ಹೇಗೂ ಹೋದರು. ಇಲ್ಲಿಂದ ಈ ಮುದುಕಿ ಜಪಾನಿಗೆ ಓಡಿಹೋಗಿ ಮಾಡುವುದಾದರೂ ಏನಿತ್ತು? ಕಿವಿಗೆ ಬಿದ್ದಿಲ್ಲ ಅಂದಮೇಲೆ ಸೂತಕವೂ ಇಲ್ಲ. ಬಸ್ಸಿನಲ್ಲಿ ಕೂತು ಇದನ್ನೇ ನೂರು ಸಲ ತಿರುವಿ ಹಾಕಿದೆ. ಪ್ರತಿ ಸಲವೂ ನಾನೇ ಸರಿ ಅನ್ನಿಸಿತು.

ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. ಯಜಮಾನರು ಫೆಲ್ಥಮ್ಮಿನ ಹತ್ತಿರ ವಿಮಾನದ ಸರಕು ಗೋದಾಮಿನಲ್ಲಿ ಕೆಲಸ ಮಾಡುವವರು, ಅಡ್ಡಡ್ಡ ಮಾತಾಡುವವರಲ್ಲ. ರೊಟ್ಟಿ ಮುರಿಯುತ್ತ ಅಂದರು, "ನೋಡು ಶಾಂತಾ, ಅಂವಾ ನಿನಗ ಹೇಳು ಅಂದಾನ. ಹೇಳಿ ಬಿಡು. ಇದನ್ನ ಯಾಕ ತಲಿ ಮ್ಯಾಲೆ ಹೊತ್ಕೋತಿ?"

"ನಿಮಗೇನು ಗೊತ್ತದರಿ ಆಕಿ ಸಂಕಟ. ಪೂಜಾ ಒಂದು ಮುಗೀಲಿ, ಸೋಮವಾರ ಹೇಳ್ತೀನಿ."

ಮಗಳು ಮೇಘಾ ಎಲ್ಲ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಮಮ್ಮಿ, ಯು ಕಾಂಟ್ ಡಿಸೈಡ್ ದಟ್ ಫಾರ್ ಹರ್" ಅಂದಳು. ಇಪ್ಪತ್ತು ವರ್ಷದ ಹುಡುಗಿಗೆ ಸಾವು, ಸೂತಕ ಏನು ಗೊತ್ತು ಅಂತ ಅವಳನ್ನು ಸುಮ್ಮನಾಗಿಸಿದೆ. ನನಗೆ ಹಟ ಬಂದರೆ ಮನೆಯಲ್ಲಿ ಯಾರೂ ಎದುರು ನಿಲ್ಲುವುದಿಲ್ಲ. ಅದೇ ನನ್ನ ಕೇಡು.

ಭಾನುವಾರ ನಿಜಕ್ಕೂ ಮಳೆ ನಿಂತಿತ್ತು. ಆದರೆ ಬಿಸಿಲೇನೂ ಬರಲಿಲ್ಲ, ಆಕಾಶ ಒದ್ದೆ ಕಂಬಳಿಯ ಹಾಗೆ ತಲೆಯ ಮೇಲೆಯೇ ಇತ್ತು. ಟ್ಯಾಕ್ಸಿಯಲ್ಲಿ ವೀಲ್‌ಚೇರ್ ಹಾಕಿಕೊಂಡು ಹೋದೆವು. ತೋಟದ ತುಂಬ ಕೊಳೆತ ಎಲೆಯ ವಾಸನೆ. ಬಣ್ಣವಿಲ್ಲದ ಎರಡು ಮರದ ಕಂಬ, ಮೇಲೆ ಎರಡು ಅಡ್ಡಪಟ್ಟಿ, ಅದೇ ದ್ವಾರ. ಅದರ ಆಚೆ ಹರಳುಕಲ್ಲಿನ ಹಾದಿ. ಹಾದಿಯ ನಟ್ಟನಡುವೆ ನಡೆಯಬಾರದು, ಅದು ದೇವರ ದಾರಿ ಅಂತ ಚಿಯೋ-ಸಾನ್ ನನಗೆ ಮೊದಲೇ ಹೇಳಿದ್ದರು. ಹರಳಿನಲ್ಲಿ ಗಾಲಿ ಹೂತು, ಅಂಚಿನಲ್ಲಿ ತಳ್ಳಲು ಹೋಗಿ ನನ್ನ ಸೊಂಟ ಹಿಡಿಯಿತು. ದ್ವಾರದ ಮುಂದೆ ನಿಲ್ಲಿಸಲು ಹೇಳಿ, ಕೂತಲ್ಲೇ ತಲೆ ಬಾಗಿಸಿದರು. ನಾನು ಅವರ ಬೆನ್ನ ಹಿಂದೆ ನಿಂತಿದ್ದೆ. ಆಗ ಹೇಳಬಹುದಿತ್ತು. ಇನ್ನೂ ದಾಟಿರಲಿಲ್ಲ.

ಕೈ ತೊಳೆಯಲು ನೀರು ತುಂಬಿಟ್ಟ ಕಲ್ಲಿನ ದೋಣಿಯ ಹತ್ತಿರ ಬಿದಿರಿನ ಸೌಟಿನಿಂದ ಅವರ ಎಡಗೈಗೆ ನೀರು ಹಾಕಿದೆ, ಆಮೇಲೆ ಬಲಗೈಗೆ. ಅಂಗೈಯಲ್ಲಿ ನೀರು ಹಿಡಿದು ಬಾಯಿ ಮುಕ್ಕಳಿಸಿದರು. ನೀರು ಎಷ್ಟು ತಣ್ಣಗಿತ್ತೆಂದರೆ ಅವರ ಬೆರಳುಗಳು ನೀಲಿಯಾದವು. ಮೂರು, ಐದು, ಏಳು ವರ್ಷದ ಮಕ್ಕಳನ್ನು ದೇವರಿಗೆ ತೋರಿಸುವ ತಿಂಗಳಂತೆ ಅದು. ಬಣ್ಣಬಣ್ಣದ ಕಿಮೋನೊ ತೊಟ್ಟ ಮಕ್ಕಳು ಉದ್ದನೆಯ ಮಿಠಾಯಿ ಚೀಲ ಹಿಡಿದು, ಚಳಿಗೆ ಮೂಗು ಕೆಂಪಾಗಿ ನಿಂತಿದ್ದರು. ಬಿಳಿ ನಿಲುವಂಗಿಯ ಅರ್ಚಕರು ಕಾಗದದ ಪಟ್ಟಿಗಳ ಕುಚ್ಚು ಕಟ್ಟಿದ ಕೋಲನ್ನು ಎಲ್ಲರ ತಲೆಯ ಮೇಲೆ ಬೀಸಿದರು. ಅಂಟಿದ್ದ ಮೈಲಿಗೆ ಹೋಗಲಿ ಅಂತ ಬೀಸುವುದಂತೆ. ನಾನೂ ತಲೆ ಬಗ್ಗಿಸಿದೆ.

ಕಡೆಯ ಹತ್ತು ಹೆಜ್ಜೆ ನಡೆದೇ ಹೋಗುತ್ತೇನೆ ಅಂದರು. ನಾನು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆ. ಎರಡು ಸಲ ನಮಸ್ಕಾರ, ಎರಡು ಚಪ್ಪಾಳೆ, ಮತ್ತೊಂದು ನಮಸ್ಕಾರ. ಅಷ್ಟು ಸಣ್ಣ ಕೈಗಳಿಂದ ಅಷ್ಟು ದೊಡ್ಡ ಚಪ್ಪಾಳೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು. ಆಮೇಲೆ ಹರಕೆ ಬರೆಯುವ ಪುಟ್ಟ ಹಲಗೆ ತೆಗೆದುಕೊಂಡು, ಹಿಂದಿನ ಮೂರು ವರ್ಷದಂತೆ ಆ ವರ್ಷವೂ ಬರೆದರು. ನನಗೆ ಓದಿ ಹೇಳಿದರು.

"ಅಕ್ಕನ ಮೊಣಕಾಲು ವಾಸಿಯಾಗಲಿ. ಈ ಗುಡಿ ಊರು ಮುಟ್ಟುವ ದಿನ ಅಕ್ಕ ಅದನ್ನು ನೋಡಲಿ."

ಚೆನ್ನಾಗಿದೆ ಅಂದೆ. ಹೌದು, ಚೆನ್ನಾಗಿದೆ ಅಂತಲೇ ಅಂದೆ, ದಾರ ಕಟ್ಟಿ ನೇತುಹಾಕಿದ್ದೂ ನಾನೇ. ಮರಳಿ ಬರುವಾಗ ಟ್ಯಾಕ್ಸಿಯಲ್ಲಿ ನನ್ನ ಕೈ ಹಿಡಿದುಕೊಂಡಿದ್ದರು. ಅವರು ಯಾರ ಕೈಯನ್ನೂ ಹಾಗೆ ಹಿಡಿಯುವವರಲ್ಲ. "ಇವತ್ತು ನನ್ನ ಎಲ್ಲ ಕೆಲಸ ಮುಗಿಯಿತು, ಶಾಂತಾ-ಸಾನ್" ಅಂದರು.

ಸೋಮವಾರ ಹೇಳಿದೆ. ಚಹಾ ಕೊಟ್ಟು, ಪಕ್ಕದಲ್ಲಿ ಕೂತು, ಕಿವಿಗೆ ಬಾಯಿ ಇಟ್ಟು. ಅತ್ತಾರು, ಹಿಡಿದುಕೊಳ್ಳೋಣ ಅಂತ ತಯಾರಾಗಿದ್ದೆ. ಅಳಲಿಲ್ಲ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದರು.

"ಯಾವಾಗ?"

"ಬುಧವಾರ ರಾತ್ರಿ."

"ನಿಮಗೆ ಯಾವಾಗ ತಿಳಿಯಿತು?"

ಇವತ್ತು ಬೆಳಿಗ್ಗೆ ಅಂತ ಹೇಳಬಹುದಿತ್ತು, ನಾಲಿಗೆ ತುದಿಗೆ ಬಂದಿತ್ತು. ಗುರುವಾರ ಅಂದೆ.

"ದಹನ ಆಯಿತೇ?"

"ಆಯಿತಂತೆ. ಅವರ ಭಾನುವಾರ ಮಧ್ಯಾಹ್ನ."

ಅವರು ಲೆಕ್ಕ ಹಾಕಿದರು. ಜಪಾನಿನ ಭಾನುವಾರ ಮಧ್ಯಾಹ್ನವೆಂದರೆ ನಮ್ಮಲ್ಲಿ ಇನ್ನೂ ಬೆಳಗಾಗಿರುವುದಿಲ್ಲ. "ಹಾಗಾದರೆ ನಾನು ಚಪ್ಪಾಳೆ ತಟ್ಟುವಾಗ ಅಕ್ಕ ಬೂದಿಯಾಗಿದ್ದಳು" ಅಂದರು.

ನಾನು ಬಡಬಡಿಸಿದೆ. ಕಡೆಯ ಪೂಜೆ ತಪ್ಪಬಾರದು ಅಂತ ಹೀಗೆ ಮಾಡಿದೆ, ನಿಮಗೆ ಗೊತ್ತೇ ಇರಲಿಲ್ಲವಾದ್ದರಿಂದ ನಿಮಗೆ ದೋಷವಿಲ್ಲ, ನಮ್ಮ ಕಡೆಯೂ ಹೀಗೇ ಮಾಡುತ್ತಾರೆ, ಮೊದಲೇ ಹೇಳಿದ್ದೆನಲ್ಲ, ದೋಷವೆಲ್ಲ ನನಗಿರಲಿ. ಅವರು ಪೂರ್ತಿ ಕೇಳಿಸಿಕೊಂಡರು. ಮಧ್ಯೆ ಬಾಯಿ ಹಾಕುವ ಸ್ವಭಾವವೇ ಅವರದಲ್ಲ. ಆಮೇಲೆ ನಿಧಾನಕ್ಕೆ, ಪಾಠ ಹೇಳುವವರ ಹಾಗೆ, ಒಂದೊಂದೇ ಮಾತು ಹೇಳಿದರು.

"ನನಗೆ ಅಕ್ಕನ ಹತ್ತಿರ ಹೋಗಲಾಗುತ್ತಿರಲಿಲ್ಲ. ಅವಳ ಮುಖ ತೊಳೆಸಲಾಗುತ್ತಿರಲಿಲ್ಲ, ಮೂಳೆ ಆರಿಸಲಾಗುತ್ತಿರಲಿಲ್ಲ. ಇಲ್ಲಿ ಕೂತು ಅವಳಿಗಾಗಿ ಮಾಡಲು ನನಗೆ ಇದ್ದದ್ದು ಒಂದೇ ಕೆಲಸ, ಗುಡಿಗೆ ಹೋಗದೆ ಮನೆಯಲ್ಲಿ ಇರುವುದು. ಅಷ್ಟು ಆಸೆಪಟ್ಟಿದ್ದ ಪೂಜೆಯನ್ನು ಬಿಟ್ಟಿದ್ದರೆ, ಅದು ಅವಳಿಗೆ ಮುಟ್ಟುತ್ತಿತ್ತು."

ತಣ್ಣಗಾದ ಬಟ್ಟಲನ್ನು ಅವರ ಕೈಯಿಂದ ತೆಗೆದು ಮೇಜಿನ ಮೇಲೆ ಇಟ್ಟೆ.

"ಆ ಸುದ್ದಿ ನನ್ನದು, ಶಾಂತಾ-ಸಾನ್. ನೀವು ಅದನ್ನು ನಾಲ್ಕು ದಿನ ಇಟ್ಟುಕೊಂಡಿರಿ."

ನಾನು ಅತ್ತೆ. ಅಳಬೇಕಾದವರು ಬಿಟ್ಟು ನಾನು ಅತ್ತೆ. ಅವರು ಟಿಶ್ಯೂ ಡಬ್ಬಿ ನನ್ನ ಕಡೆ ಸರಿಸಿದರು. ಆಮೇಲೆ ಬಿಳಿ ಕಾಗದ ಬೇಕು ಅಂದರು. ಮೇಜಿನ ಖಾನೆಯಿಂದ ತೆಗೆದು ಸ್ಟೂಲಿನ ಮೇಲೆ ಕಾಲಿಟ್ಟೆ. "ನೀವು ಬೇಡ" ಅಂದರು. ಸಂಜೆ ಹೋಗುವಷ್ಟರಲ್ಲಿ ಪಕ್ಕದ ಮನೆಯ ಇಂಗ್ಲಿಷ್ ಹೆಂಗಸನ್ನು ಕರೆದು ಅಂಟಿಸಿಕೊಂಡಿದ್ದರು. ಸೊಟ್ಟಗೆ ಅಂಟಿತ್ತು.

ಏಜೆನ್ಸಿಗೆ ದೂರು ಕೊಡಲಿಲ್ಲ. ಕೊಟ್ಟಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಮುಂದಿನ ಐದು ವಾರ ದಿನಕ್ಕೆರಡು ಸಲ ಹೋದೆ, ಸ್ನಾನ ಮಾಡಿಸಿದೆ, ಬೆನ್ನು ಒರೆಸಿದೆ, ಗುಳಿಗೆ ಕೊಟ್ಟೆ. ಪ್ರತಿ ಸಲವೂ ಥ್ಯಾಂಕ್ ಯು ಅಂದರು. ಆದರೆ ಶಾಂತಾ-ಸಾನ್ ಹೋಗಿ ಮಿಸೆಸ್ ದೇಸಾಯಿ ಆಗಿದ್ದೆ. ಬಯ್ಯಲಿ, ಎರಡು ಮಾತು ಕೆಟ್ಟದಾಗಿ ಆಡಲಿ ಅಂತ ಕಾದೆ. ನಮ್ಮವರಾದರೆ ಕೂಗಾಡಿ, ಅತ್ತು, ನಾಲ್ಕು ದಿನದ ಮೇಲೆ ಚಹಾ ಮಾಡು ಅನ್ನುತ್ತಿದ್ದರು. ಇವರ ಮರ್ಯಾದೆಯ ಮುಂದೆ ನಾನು ದಿನಾ ಒಂದಿಷ್ಟು ಸಣ್ಣಗಾದೆ. ಹೊರಗೆ ಮಳೆ ಮತ್ತೆ ಹಿಡಿದಿತ್ತು. ಪಿನ್ನರಿನಲ್ಲಿ ಕ್ರಿಸ್ಮಸ್ ದೀಪ ಹಾಕಿದ್ದರು. ಸಂಜೆಯ ಕೆಲಸ ಮುಗಿಸಿ ಸ್ಟೇಷನ್ನಿಗೆ ನಡೆಯುವಾಗ ಆ ದೀಪಗಳ ಕೆಳಗೆ ಎಷ್ಟು ಸಲ ಅತ್ತೆನೋ ಲೆಕ್ಕವಿಲ್ಲ.

ಡಿಸೆಂಬರಿನ ಮೂರನೆಯ ವಾರ ಅವರನ್ನು ಕೇರ್ ಹೋಮಿಗೆ ಒಯ್ದರು. ಐವತ್ತು ದಿನ ಇನ್ನೂ ಮುಗಿದಿರಲಿಲ್ಲ. ಕಾಗದ ಹಚ್ಚಿದ ಗುಡಿಯನ್ನು ಹಾಗೆಯೇ ಡಬ್ಬದಲ್ಲಿಟ್ಟು ತಮ್ಮ ತೊಡೆಯ ಮೇಲೆ ಇರಿಸಿಕೊಂಡರು. ಹೊಸ ವರ್ಷದ ಮೊದಲ ವಾರ ಒಮ್ಮೆ ನೋಡಲು ಹೋದೆ. ಅರ್ಧ ತಾಸು ಕೂತೆವು. ಕ್ಷಮಿಸಿ ಅಂದೆ, ಮತ್ತೆ. ಅವರು ತಲೆ ಅಲ್ಲಾಡಿಸಿದರು, ಅದು ಹೌದೋ ಅಲ್ಲವೋ ನನಗೆ ತಿಳಿಯಲಿಲ್ಲ. ಹೊರಡುವಾಗ, "ಚಳಿ ಇದೆ, ಕೋಟಿನ ಗುಂಡಿ ಹಾಕಿಕೊಳ್ಳಿ" ಅಂದರು. ಸಿಟ್ಟು ಸ್ವಲ್ಪ ಇಳಿದಿದೆ, ಇನ್ನೆರಡು ಸಲ ಬಂದರೆ ಪೂರ್ತಿ ಇಳಿಯುತ್ತದೆ ಅಂತ ಆಸೆಯಾಯಿತು. ರಿಸೆಪ್ಷನ್ನಿನಲ್ಲಿ ನನ್ನ ನಂಬರು ಬರೆದಿಟ್ಟು ಬಂದೆ.

ಆಮೇಲೆ ಕೆಲಸ, ಜ್ವರ, ಮೇಘಾಳ ಪರೀಕ್ಷೆ ಅಂತ ದಿನ ಜಾರಿದವು. ಫೆಬ್ರವರಿಯ ಕೊನೆಗೆ, ಅವರಿಗೆ ಇಷ್ಟವಾಗುತ್ತಿದ್ದ ಶೇಂಗಾ ಉಂಡೆ ಕಟ್ಟಿಕೊಂಡು ಹೋದೆ. ರಿಸೆಪ್ಷನ್ನಿನ ಹುಡುಗಿ ಹೆಸರು ಕೇಳಿ, ಕಂಪ್ಯೂಟರ್ ನೋಡಿ, ನೀವು ಸಂಬಂಧಿಕರೇ ಅಂತ ಕೇಳಿದಳು. ಅಲ್ಲ ಅಂದೆ. ಒಳಗಿಂದ ಒಬ್ಬ ನರ್ಸು ಬಂದು ಪಕ್ಕಕ್ಕೆ ಕರೆದು ಹೇಳಿದಳು. ಚಿಯೋ-ಸಾನ್ ಹೋಗಿ ಮೂರು ವಾರವಾಗಿತ್ತು. ಸಂಬಂಧಿಕರಿಗೆ ಮಾತ್ರ ತಿಳಿಸುವುದು ನಿಯಮವಂತೆ. ಕೆಂಜಿ ಬಂದು ಬೂದಿ ಒಯ್ದಿದ್ದ. ನನಗೆ ಒಂದು ಫೋನು ಮಾಡಿರಲಿಲ್ಲ. ಯಾಕೆ ಮಾಡಬೇಕು?

"ಯಾವ ದಿನ?" ಅಂದೆ.

"ಶನಿವಾರ. ಮಧ್ಯಾಹ್ನ ಮಲಗಿದ್ದವರು ಏಳಲಿಲ್ಲ."

ಉಂಡೆಯ ಡಬ್ಬಿ ಅವಳ ಕೈಗೇ ಕೊಟ್ಟು ಹೊರಗೆ ಬಂದೆ. ಬಸ್ ಸ್ಟಾಪಿನ ಬೆಂಚು ಒದ್ದೆಯಾಗಿತ್ತು, ಅದರ ಮೇಲೆಯೇ ಕೂತು ಹಿಂದಕ್ಕೆ ಎಣಿಸಿದೆ. ಆ ಶನಿವಾರ ಬೆಳಗಾವಿಯ ನಮ್ಮ ಗೆಳತಿ ಸುಮಂಗಲಾಳ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದ್ದರು, ಕ್ವೀನ್ಸ್‌ಬರಿಯ ಒಂದು ಸಭಾಗೃಹದಲ್ಲಿ. ಹಸಿರು ರೇಷ್ಮೆ ಸೀರೆ ಉಟ್ಟು ಹೋಗಿದ್ದೆ. ಹೋಳಿಗೆ ಉಂಡಿದ್ದೆ. ಶಾಂತಕ್ಕಾ, ನಿಮ್ಮ ದನಿ ಛಲೋ ಅದ, ಇನ್ನೊಂದು, ಇನ್ನೊಂದು ಅಂತ ಎಲ್ಲರೂ ಅಂದರು, ಮೂರು ಜೋಗುಳ ಹಾಡಿದ್ದೆ. ಗಂಟೆ ಎರಡೋ ಎರಡೂವರೆಯೋ ಆಗಿತ್ತು. ಯಾರಾದರೂ ಆಗಲೇ ತಿಳಿಸಿದ್ದರೂ ಚಿಯೋ-ಸಾನ್ ಅವರಿಗಾಗಿ ನಾನು ಮಾಡುವಂಥದ್ದು ಏನೂ ಇರಲಿಲ್ಲ, ಒಪ್ಪುತ್ತೇನೆ. ಆ ದಿನ ಹಾಡದೆ ಇರಬಹುದಿತ್ತು.